ಊರು ಬಿಟ್ಟವರ ಬ್ಯಾಂಡು

ರಾಕ್ ಸಂಗೀತ ಅಂದಕೂಡಲೆ ನಮ್ಮವರ ಬಾಯಲ್ಲಿ ಬರುವ ಹೆಸರುಗಳು ಮೂರೋ ನಾಲ್ಕೋ. ಲೆಡ್ ಜೆಪ್ಲಿನ್, ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್. ಹಾಡು ಕೇಳದವರೂ ಇವರ ಟೀ ಶರ್ಟು ಹಾಕಿಕೊಂಡು ಓಡಾಡುತ್ತಾರೆ. ಆದರೆ ಥಿನ್ ಲಿಜ್ಜಿ ಅಂತ ಹೇಳಿ ನೋಡಿ, 'ಅದೇನ್ರೀ, ಹೊಲಿಗೆ ಮಷೀನಾ?' ಅಂತ ಕೇಳಿದವರನ್ನು ನಾನು ಕಂಡಿದ್ದೇನೆ. ಸ್ವಲ್ಪ ತಿಳಿದವರು 'ಓ, ಅವರದು ಒಂದು ಹಾಡಿದೆಯಲ್ಲ' ಅನ್ನುತ್ತಾರೆ. ಒಂದೇ ಹಾಡಿನವರು ಅಂತ ಷರಾ ಬರೆದು ಮೂಲೆಗೆ ಸರಿಸಿದ ಈ ಬ್ಯಾಂಡಿನ ಪರವಾಗಿ ನಾಲ್ಕು ಮಾತು ಹೇಳಬೇಕು. ಪರವೂರಿನ ಬದುಕಿನ ಬಗೆಗಿನ ಪುಸ್ತಕದಲ್ಲಿ ಇದಕ್ಕೇನು ಕೆಲಸ ಅನ್ನುತ್ತೀರೇನೋ. ಎಪ್ಪತ್ತರ ದಶಕದ ಅಬ್ಬರದ ಗಿಟಾರಿನವರಲ್ಲಿ, ಊರು ಬಿಟ್ಟು ಹೋದವರ ಸಂಕಟವನ್ನೂ ಜಂಬವನ್ನೂ ಇವರಷ್ಟು ಚೆನ್ನಾಗಿ ಹಾಡಿದವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ನಾನು ಧಾರವಾಡ ಬಿಟ್ಟು ಮುಂಬಯಿಗೆ ಬಂದದ್ದು 1983ರಲ್ಲಿ. ಮಾಟುಂಗಾದಲ್ಲಿ ಒಂದು ಖೋಲಿ, ಮೂರು ಜನ. ಒಬ್ಬ ಕುಂದಾಪುರದವ, ಒಬ್ಬ ಬೀದರಿನವ, ನಾನು. ಮೂವರದೂ ಕನ್ನಡವೇ, ಆದರೆ ಮೊದಲ ತಿಂಗಳು ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆಫೀಸಿನ ಗೋವೆಯ ಗೆಳೆಯನೊಬ್ಬ ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ 'ಲೈವ್ ಅಂಡ್ ಡೇಂಜರಸ್' ತುಂಬಿಸಿ ಕೊಟ್ಟ. ಮಾತು ಅಷ್ಟಾಗಿ ತಿಳಿಯಲಿಲ್ಲ. ಆದರೆ ಹಾಡುತ್ತಿದ್ದವನು ಕಟ್ಟೆಯ ಮೇಲೆ ಕೂತು ಗೆಳೆಯರಿಗೆ ಕತೆ ಹೇಳುತ್ತಿದ್ದಾನೆ ಅನ್ನುವುದು ಮಾತ್ರ ಸ್ಪಷ್ಟವಾಗಿತ್ತು.

ಬ್ಯಾಂಡು ಹುಟ್ಟಿದ್ದು 1969ರ ಕೊನೆಗೆ, ಐರ್ಲೆಂಡಿನ ಡಬ್ಲಿನ್ನಿನಲ್ಲಿ. ಹೆಸರಿನ ಕತೆಯೇ ಚೆನ್ನಾಗಿದೆ. ಬ್ರಿಟನ್ನಿನ 'ದಿ ಡ್ಯಾಂಡಿ' ಅನ್ನುವ ಮಕ್ಕಳ ಚಿತ್ರಪತ್ರಿಕೆಯಲ್ಲಿ ಟಿನ್ ಲಿಜ್ಜಿ ಅಂತ ಒಂದು ಯಂತ್ರದ ಹೆಂಗಸು ಬರುತ್ತಿದ್ದಳು. ಡಬ್ಲಿನ್ನಿನ ಜನರ ಬಾಯಲ್ಲಿ 'ಥ' ಹೊರಳುವುದಿಲ್ಲ, ಅದು 'ಟ' ಆಗಿಬಿಡುತ್ತದೆ. ಹಾಗಾಗಿ ಥಿನ್ ಅಂತ ಬರೆದರೂ ಊರವರು ಟಿನ್ ಅಂತಲೇ ಓದುತ್ತಾರೆ, ಇರಲಿ ಅಂತ ಅದನ್ನೇ ಇಟ್ಟರು. ಹಳೇ ಮೈಸೂರು ಕಡೆ ಹಾಲು 'ಆಲು' ಆಗುತ್ತದಲ್ಲ, ಹಾಗೆ. ಹೊರಗಿನವರು ಎಷ್ಟೇ ನಕ್ಕರೂ ಊರಿನ ಉಚ್ಚಾರವನ್ನೇ ಬೋರ್ಡಿಗೆ ಹಾಕಿಕೊಂಡ ಹುಡುಗರು ಇವರು.

ಬ್ಯಾಂಡಿನ ಜೀವ ಅಂದರೆ ಫಿಲ್ ಲೈನಟ್. ಬಾಸ್ ಗಿಟಾರು ಅವನದು, ಹಾಡು ಅವನದು, ಸಾಹಿತ್ಯದ ಬಹುಪಾಲೂ ಅವನದೇ. ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ. ತಾಯಿ ಫಿಲೊಮಿನಾ ಐರಿಷ್ ಹುಡುಗಿ, ಆಗ ಅವಳಿಗೆ ಹದಿನೆಂಟು, ಮದುವೆಯಾಗಿರಲಿಲ್ಲ. ತಂದೆ ದಕ್ಷಿಣ ಅಮೆರಿಕದ ಗಯಾನಾದಿಂದ ಬಂದ ಕಪ್ಪು ವರ್ಣೀಯ. ಆ ಕಾಲದಲ್ಲಿ ಅಂಥ ತಾಯಿಗೂ ಮಗುವಿಗೂ ಬಾಡಿಗೆ ಮನೆ ಸಿಗುವುದೇ ಕಷ್ಟ. ಚಿಕ್ಕವನಿದ್ದಾಗಲೇ ಮಗನನ್ನು ಡಬ್ಲಿನ್ನಿನ ಕ್ರಮ್ಲಿನ್ ಅನ್ನುವ ಬಡಾವಣೆಯಲ್ಲಿದ್ದ ತನ್ನ ತಾಯಿಯ ಹತ್ತಿರ ಬಿಟ್ಟಳು. ಅಜ್ಜಿಯ ಹೆಸರು ಸಾರಾ. ಅವಳೇ ಅವನನ್ನು ಬೆಳೆಸಿದವಳು. ಕಪ್ಪು ಮುಖವನ್ನೇ ಕಾಣದ ಊರಿನಲ್ಲಿ ಬೆಳೆದ ಈ ಹುಡುಗ ಡಬ್ಲಿನ್ನಿನವರಿಗಿಂತ ಹೆಚ್ಚು ಡಬ್ಲಿನ್ನಿನವನಾದ. ಇದು ನಮಗೆ ಹೊಸದೇನಲ್ಲ. ನವೆಂಬರ್ ಒಂದರಂದು ಬೆಂಗಳೂರಿನಲ್ಲಿರುವವನಿಗಿಂತ ಡೊಂಬಿವಲಿಯಲ್ಲಿರುವವನೇ ಬಾವುಟವನ್ನು ಎತ್ತರಕ್ಕೆ ಕಟ್ಟುತ್ತಾನೆ.

1971ರಲ್ಲಿ ಅವರು ಲಂಡನ್ನಿಗೆ ಹೊರಟರು. ಲೈನಟ್, ಅವನ ಜೊತೆ ಶಾಲೆಗೆ ಹೋದ ಡ್ರಮ್ಮಿನ ಬ್ರಯನ್ ಡೌನಿ, ಬೆಲ್‌ಫಾಸ್ಟಿನಿಂದ ಬಂದ ಗಿಟಾರಿನ ಎರಿಕ್ ಬೆಲ್. ಅದೇ ವರ್ಷ ಬಂದ ಸಣ್ಣ ತಟ್ಟೆಯಲ್ಲಿ 'ಡಬ್ಲಿನ್' ಅಂತಲೇ ಒಂದು ಹಾಡಿದೆ. ಊರು ಬಿಟ್ಟು ಇನ್ನೂ ಗಂಟು ಬಿಚ್ಚಿಲ್ಲ, ಆಗಲೇ ಊರಿನ ಹಾಡು! 1974ರಲ್ಲಿ ಲೈನಟ್ ತನ್ನ ಪದ್ಯಗಳ ಪುಸ್ತಕ ತಂದ. ಅದರ ಹೆಸರು 'ಸಾಂಗ್ಸ್ ಫಾರ್ ವೈಲ್ ಐಯಾಮ್ ಅವೇ'. ನಾನು ಊರಲ್ಲಿಲ್ಲದ ಹೊತ್ತಿಗೆ ಇರಲಿ ಅಂತ ಬಿಟ್ಟುಹೋದ ಹಾಡುಗಳು ಅನ್ನಿ.

ಇವರ ಹಣೆಬರಹ ಬದಲಾಯಿಸಿದ್ದು 1972ರ ನವೆಂಬರಿನಲ್ಲಿ ಬಂದ 'ವಿಸ್ಕಿ ಇನ್ ದ ಜಾರ್'. ಇದು ಐರ್ಲೆಂಡಿನ ಹಳೆಯ ಜನಪದ ಹಾಡು. ದಾರಿಗಳ್ಳನೊಬ್ಬ ಸೈನ್ಯದ ಅಧಿಕಾರಿಯನ್ನು ದೋಚುತ್ತಾನೆ, ನಂಬಿದ ಹೆಣ್ಣೇ ಅವನನ್ನು ಹಿಡಿದುಕೊಡುತ್ತಾಳೆ. ಪಬ್ಬುಗಳಲ್ಲಿ ಮೇಜು ಕುಟ್ಟಿ ಹಾಡುವ ಹಾಡು. ತಾಲೀಮಿನ ಹೊತ್ತಿನಲ್ಲಿ ಲೈನಟ್ ತಮಾಷೆಗೆ ಹಾಡಿದ್ದನ್ನು ತಟ್ಟೆಯ ಹಿಂಬದಿಗೆ ಇರಲಿ ಅಂತ ಧ್ವನಿಮುದ್ರಿಸಿದರು. ಮುಂಬದಿಗೆ ಇವರದೇ ಸ್ವಂತ ಹಾಡು, 'ಬ್ಲ್ಯಾಕ್ ಬಾಯ್ಸ್ ಆನ್ ದ ಕಾರ್ನರ್'. ಕಂಪನಿಯವರು ತಿರುಗಿಸಿಹಾಕಿದರು. ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ, ಐರ್ಲೆಂಡಿನಲ್ಲಿ ಮೊದಲನೆಯ ಸ್ಥಾನಕ್ಕೆ ಹೋಯಿತು. ಹಾಡಿದವರಿಗೇ ಮುಜುಗರ. ತಾವು ರಾಕ್ ಹುಡುಗರು, ಅಜ್ಜಂದಿರ ಹಾಡಿನಿಂದ ಹೆಸರು ಬಂತಲ್ಲ ಅಂತ. ಅತ್ತ ಹಾಡನ್ನು ಕೆಡಿಸಿದರು ಅನ್ನುವ ಸಂಪ್ರದಾಯಸ್ಥರ ಗೊಣಗಾಟ ಬೇರೆ. ಆದರೆ ಎರಿಕ್ ಬೆಲ್ಲಿನ ಆ ಮೊದಲ ಗಿಟಾರಿನ ಎಳೆ ಕೇಳಿ. ಹಾಡಿನಲ್ಲಿದ್ದ ದುಃಖ ಅದರಿಂದ ಹೊರಗೆ ಬಂದಿದೆ. ಮೇಜು ಕುಟ್ಟುವ ಗದ್ದಲದಲ್ಲಿ ಅದು ಅಡಗಿಹೋಗಿತ್ತು.

ಇಂಥದೇ ಜಗಳ ನಮ್ಮ ಉಪನಗರದ ಕನ್ನಡ ಸಂಘದಲ್ಲೂ ಆಯಿತು. ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿ ಬಂದು, ಶಿಶುನಾಳ ಷರೀಫರ ಪದ ಗಿಟಾರಿನ ಜೊತೆ ಮನೆಮನೆಗೆ ಬಂದಿತ್ತು. ಅದನ್ನು ಹೊರತಂದವರು ಮುಂಬಯಿಯ ವಿಶಾಲ್–ಶೇಖರ್ ಅನ್ನುವುದು ನಮಗೆ ಇನ್ನೊಂದು ಹೆಮ್ಮೆ. ಮರುವರ್ಷದ ರಾಜ್ಯೋತ್ಸವಕ್ಕೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ನಾಲ್ಕು ಹುಡುಗರು ಷರೀಫರ ಪದವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುತ್ತೇವೆ ಅಂದರು. ಹಿರಿಯರೊಬ್ಬರು ಎದ್ದುನಿಂತು, 'ಷರೀಫಜ್ಜನ ಪದಕ್ಕ ಏಕತಾರಿ, ದಮ್ಮಡಿ ಸಾಕ್ರೀ. ಈ ಕರೆಂಟಿನ ಗದ್ದಲ ಯಾಕ್ ಬೇಕು?' ಅಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಊರಲ್ಲಿ ಭಜನೆಯ ಹಾಡು ಹೇಗಿತ್ತೋ ಹಾಗೇ ಅದನ್ನು ಎದೆಯಲ್ಲಿಟ್ಟುಕೊಂಡು ನಲವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವರು ಅವರು. ನಾನು ಈ ಡಬ್ಲಿನ್ನಿನವರ ಕತೆ ಹೇಳಿದೆ. 'ಅವರ ಕತಿ ಅವರಿಗಿರಲಿ ಬಿಡ್ರಿ' ಅಂದರು. ಕೊನೆಗೆ ಹುಡುಗರಿಗೆ ವಂದನಾರ್ಪಣೆ ಆದ ಮೇಲೆ ಹತ್ತು ನಿಮಿಷ ಸಿಕ್ಕಿತು. ದೊಡ್ಡವರೆಲ್ಲ ಊಟದ ಸಾಲಿನಲ್ಲಿದ್ದರು. ವೇದಿಕೆಯ ಮುಂದೆ ನಿಂತದ್ದು ಮಕ್ಕಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ನನ್ನ ಮಗಳು ಆ ಪದದ ಅರ್ಥ ಕೇಳಿದ್ದು ಆ ರಾತ್ರಿಯೇ.

ಮತ್ತೆ ಲಂಡನ್ನಿಗೆ ಬರೋಣ. 1973ರ ಕೊನೆಯ ರಾತ್ರಿ ಬೆಲ್‌ಫಾಸ್ಟಿನ ವೇದಿಕೆಯ ಮೇಲೆ ಎರಿಕ್ ಬೆಲ್ ಗಿಟಾರನ್ನು ಮೇಲಕ್ಕೆಸೆದು ಹೊರನಡೆದ. 1974ರಲ್ಲಿ ಅವನ ಜಾಗಕ್ಕೆ ಇಬ್ಬರು ಬಂದರು. ಕ್ಯಾಲಿಫೋರ್ನಿಯಾದ ಸ್ಕಾಟ್ ಗೋರಮ್, ಸ್ಕಾಟ್ಲೆಂಡಿನ ಹದಿನೆಂಟರ ಹುಡುಗ ಬ್ರಯನ್ ರಾಬರ್ಟ್‌ಸನ್. ನಾಲ್ವರಲ್ಲಿ ಲಂಡನ್ನಿನವನು ಒಬ್ಬನೂ ಇಲ್ಲ. ನಮ್ಮ ಮಾಟುಂಗಾ ಖೋಲಿಯ ಹಾಗೇ.

ಈ ಇಬ್ಬರು ಗಿಟಾರಿನವರಿಂದಲೇ ಥಿನ್ ಲಿಜ್ಜಿಯ ನಿಜವಾದ ಸ್ವರ ಹುಟ್ಟಿತು. ಅದನ್ನು ನಮ್ಮ ರೀತಿಯಲ್ಲಿ ಹೇಳುವುದಾದರೆ ಹೀಗೆ. ಜುಗಲ್‌ಬಂದಿಯಲ್ಲಿ ಒಬ್ಬ ನುಡಿಸಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡುತ್ತಾನೆ, ಇಲ್ಲವೇ ಇಬ್ಬರೂ ಒಂದೇ ಸ್ವರದಲ್ಲಿ ಕೂಡುತ್ತಾರೆ. ಇಲ್ಲಿ ಹಾಗಲ್ಲ. ಒಬ್ಬ 'ಸ ರಿ ಗ' ಅಂತ ಹೋಗುವಾಗ ಅದೇ ಕ್ಷಣ ಇನ್ನೊಬ್ಬ 'ಗ ಮ ಪ' ಅಂತ ಹೋಗುತ್ತಾನೆ. ದಾಟಿ ಒಂದೇ, ಸ್ವರಗಳ ನಡುವೆ ಮೂರನೆಯ ಮೆಟ್ಟಿಲಿನ ಅಂತರ. ಒಂದೇ ದಾರಿಯಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಡೆದಂತೆ. ಇದನ್ನು ಮೊದಲು ಮಾಡಿದವರು ಇವರೇ ಅಲ್ಲ, ವಿಶ್‌ಬೋನ್ ಆ್ಯಶ್‌ನವರು 1972ರ ಹೊತ್ತಿಗೇ ಚೆನ್ನಾಗಿ ಮಾಡಿದ್ದರು. ಆದರೆ ಇಂಥ ಸ್ವರವನ್ನು ಮೂರು ನಾಲ್ಕು ನಿಮಿಷದ ಹಾಡಿನೊಳಗೆ ಕೂರಿಸಿ, ಬೀದಿಯ ಹುಡುಗರೂ ಗುನುಗುವ ಹಾಗೆ ಮಾಡಿದವರು ಇವರು.

1976ರಲ್ಲಿ 'ಜೈಲ್‌ಬ್ರೇಕ್' ಬಂತು. ಅದರ 'ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್' ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನ, ಅಮೆರಿಕದಲ್ಲಿ ಹನ್ನೆರಡನೆಯದು. ಹೊರಗೆ ಹೋಗಿದ್ದ ಹುಡುಗರು ಊರಿಗೆ ಮರಳುವ ಹಾಡು ಅದು. ದೀಪಾವಳಿಗೆ ರಾತ್ರಿ ಬಸ್ಸಿನಲ್ಲಿ ಬಂದು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಚಹಾ ಕುಡಿದವರಿಗೆ ಅದರ ಹುರುಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕ ಗೆಲ್ಲಬೇಕಾದ ಹೊತ್ತಿಗೆ ಲೈನಟ್‌ಗೆ ಕಾಮಾಲೆ ತಗುಲಿ ಪ್ರವಾಸ ನಿಂತಿತು. ಅದೇ ವರ್ಷದ ಕೊನೆಗೆ, ಇನ್ನೊಂದು ಪ್ರವಾಸದ ಹೊಸ್ತಿಲಲ್ಲಿ, ರಾಬರ್ಟ್‌ಸನ್ ಕ್ಲಬ್ಬಿನ ಹೊಡೆದಾಟದಲ್ಲಿ ಕೈ ಕುಯ್ಸಿಕೊಂಡ. ಅಮೆರಿಕದಲ್ಲಿ ಅವರು ಒಂದೇ ಹಾಡಿನವರಾಗಿ ಉಳಿದದ್ದರ ಹಿಂದೆ ಈ ಕಾಮಾಲೆ, ಈ ಕೈಗಾಯಗಳ ಪಾಲು ದೊಡ್ಡದು.

ನನ್ನ ಮಟ್ಟಿಗೆ ಇವರ ಶಿಖರ 1979ರ 'ಬ್ಲ್ಯಾಕ್ ರೋಸ್'. ಆಗ ಬೆಲ್‌ಫಾಸ್ಟಿನ ಗ್ಯಾರಿ ಮೂರ್ ಗಿಟಾರಿಗೆ ಬಂದಿದ್ದ. ಐರ್ಲೆಂಡ್ ದೇಶವನ್ನೇ ಕಪ್ಪು ಗುಲಾಬಿಯೆಂಬ ಹೆಣ್ಣಾಗಿ ಕಂಡ ಹಳೆಯ ಹಾಡೊಂದಿದೆ, ನಾವು ನಾಡನ್ನು ತಾಯಿ ಅನ್ನುವುದಿಲ್ಲವೇ, ಹಾಗೆ. ಆ ಹೆಸರಿನಲ್ಲೇ ಏಳು ನಿಮಿಷದ ಹಾಡು ಕಟ್ಟಿ, ಅದರೊಳಗೆ ನಾಡಿನ ಹಳೆಯ ಮಟ್ಟುಗಳನ್ನು ಗಿಟಾರಿನಲ್ಲಿ ಹೆಣೆದರು. ಉತ್ತರ ಐರ್ಲೆಂಡ್ ಬಾಂಬು ಗುಂಡುಗಳಲ್ಲಿ ಬೇಯುತ್ತಿದ್ದ ವರ್ಷಗಳವು. ಆಗ ಬೆಲ್‌ಫಾಸ್ಟಿನವನೂ ಡಬ್ಲಿನ್ನಿನವನೂ ಒಂದೇ ವೇದಿಕೆಯಲ್ಲಿ ಇದನ್ನು ನುಡಿಸಿದರು. ಅದೇ ಆಲ್ಬಮ್ಮಿನಲ್ಲಿ 'ಸಾರಾ' ಅಂತ ಒಂದು ಹಾಡಿದೆ, ಆಗಷ್ಟೇ ಹುಟ್ಟಿದ ಮಗಳಿಗೆ ಬರೆದದ್ದು. 1972ರಲ್ಲೂ ಅವನು 'ಸಾರಾ' ಅಂತಲೇ ಇನ್ನೊಂದು ಹಾಡು ಮಾಡಿದ್ದ, ಸಾಕಿದ ಅಜ್ಜಿಯ ಮೇಲೆ. ಅಜ್ಜಿಯ ಹೆಸರು ಮರಿಮಗಳಿಗೆ. ಇದನ್ನು ತಿಳಿದ ದಿನ ಈ ಕರಿಯ ಐರಿಷ್ ಹುಡುಗ ನಮ್ಮ ಓಣಿಯವನೇ ಅನ್ನಿಸಿಬಿಟ್ಟ.

ಕೊನೆ ಚೆನ್ನಾಗಿಲ್ಲ, ಚೆನ್ನಾಗಿತ್ತು ಅಂತ ಬರೆಯಲಾರೆ. ಹೆರಾಯಿನ್ ಅವನನ್ನು ತಿಂದುಹಾಕಿತು. 1983ರಲ್ಲಿ ಬ್ಯಾಂಡು ಮುಗಿಯಿತು, 1986ರ ಜನವರಿ 4ರಂದು ಅವನೂ ಮುಗಿದ. ಮೂವತ್ತಾರು ವರ್ಷ. ಮಣ್ಣು ಮಾಡಿದ್ದು ಡಬ್ಲಿನ್ನಿನ ಪಕ್ಕದ ಸಟನ್‌ನಲ್ಲಿ. 2005ರಲ್ಲಿ ಡಬ್ಲಿನ್ನಿನ ಹ್ಯಾರಿ ಸ್ಟ್ರೀಟಿನಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ತೆರೆ ಸರಿಸಿದವಳು ತಾಯಿ ಫಿಲೊಮಿನಾ.

ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿನ 2020ರ ಸಾಲಿಗೆ ಇವರ ಹೆಸರು ಬಂದಿತ್ತು, ಆಯ್ಕೆಯಾಗಲಿಲ್ಲ. ಆದರೆ ಇವರ ಬೀಜ ಎಲ್ಲೆಲ್ಲಿ ಮೊಳೆಯಿತು ನೋಡಿ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ನುಡಿಸಿದಾಗ ನಮ್ಮ ಹುಡುಗರು ಕುಣಿದದ್ದು ಅದೇ ಜೋಡಿ ಗಿಟಾರಿನ ನಡಿಗೆಗೆ. 2011ರಲ್ಲಿ ಅದೇ ಮೈದಾನಕ್ಕೆ ಬಂದ ಮೆಟಾಲಿಕಾದವರು 1998ರಲ್ಲೇ 'ವಿಸ್ಕಿ ಇನ್ ದ ಜಾರ್' ಅನ್ನು ಥಿನ್ ಲಿಜ್ಜಿಯ ಧಾಟಿಯಲ್ಲೇ ಹಾಡಿದ್ದರು, 2000ದಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಮೇಜು ಕುಟ್ಟುವ ಹಾಡು ಅಲ್ಲಿಯವರೆಗೆ ನಡೆದುಹೋದದ್ದು ಮೂರು ಜನ ಊರು ಬಿಟ್ಟ ಹುಡುಗರ ತಮಾಷೆಯಿಂದ.

ಕೇಳಬೇಕು ಅನ್ನುವವರು 'ಜೈಲ್‌ಬ್ರೇಕ್'ನಿಂದ ಶುರುಮಾಡಿ, ಅದರ ಕೊನೆಯ ಹಾಡು 'ಎಮರಾಲ್ಡ್' ಬಿಡಬೇಡಿ. ಆಮೇಲೆ 'ಬ್ಲ್ಯಾಕ್ ರೋಸ್'. ಎರಡು 'ಸಾರಾ'ಗಳನ್ನು ಮಾತ್ರ ಒಂದರ ಹಿಂದೆ ಒಂದು ಕೇಳಿ, ಮೊದಲು ಅಜ್ಜಿಯದು.