ಪಡಿತರದ ಚೀಲದಲ್ಲಿ ಏನಿರಬೇಕು?

ಹೊಸಕೆರೆಹಳ್ಳಿ ಎಂದೊಡನೆ ಇಂದು ನಿಮ್ಮ ಕಣ್ಣ ಮುಂದೆ ಬರುವುದು ವರ್ತುಲ ರಸ್ತೆಯ ವಾಹನಗಳು, ಬನಶಂಕರಿಯವರೆಗೂ ಒತ್ತಿಕೊಂಡು ನಿಂತ ಮನೆಗಳು. ಆದರೆ ಹೆಸರೇ ಹೇಳುವಂತೆ ಇದು ಕೆರೆಯಿಂದ ಗುರುತಾದ ಹಳ್ಳಿ. ಬೆಂಗಳೂರಿನ ಸುತ್ತಣ ಹಳ್ಳಿಗಳ ಮುಖ್ಯ ಆಹಾರ ರಾಗಿ. ರಾಗಿ ಹೊಲದ ಅಕ್ಕಡಿಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಬದುವಿನಲ್ಲಿ ಸೊಪ್ಪು. ಧಾನ್ಯ, ಬೇಳೆ, ಎಣ್ಣೆಕಾಳು ಮೂರನ್ನೂ ಒಂದೇ ಹೊಲ ಕೊಡುತ್ತಿತ್ತು. ಹೊಲಗಳು ಬಡಾವಣೆಗಳಾದ ಮೇಲೆ ಬಡ ಕುಟುಂಬದ ಊಟ ಬಹುಮಟ್ಟಿಗೆ ನ್ಯಾಯಬೆಲೆ ಅಂಗಡಿಯ ಚೀಲವನ್ನು ಅವಲಂಬಿಸಿದೆ. ಆ ಚೀಲದಲ್ಲಿ ಏನಿರಬೇಕೆಂದು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ? ಈ ಪ್ರಶ್ನೆಗೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ.

1876–78ರ ಧಾತು ಈಶ್ವರ ಬರವನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬರ ಪರಿಹಾರದ ಮೇಲ್ವಿಚಾರಣೆಗೆ 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸಲು ಕೂಲಿಯಾಳಿನ ದಿನದ ಪಡಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಮದರಾಸಿನ ನೈರ್ಮಲ್ಯ ಅಧಿಕಾರಿ, ವೈದ್ಯ ವಿಲಿಯಂ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಇದು ಸಾಲದು, ಧಾನ್ಯದ ಜೊತೆಗೆ ಬೇಳೆಯೂ ಬೇಕು ಎಂಬುದು ಅವನ ವಾದ. ಅದೇ ವರ್ಷ ಮದರಾಸಿನಲ್ಲಿ ಪಡಿ ಹೆಚ್ಚಿತು. ಹೊಟ್ಟೆ ತುಂಬಿಸುವುದು ಬೇರೆ, ದೇಹ ಪೋಷಿಸುವುದು ಬೇರೆ ಎಂಬ ಜಗಳ ನಮ್ಮಲ್ಲಿ ಆಗಲೇ ಶುರುವಾಗಿತ್ತು.

ಅದಕ್ಕೆ ವಿಜ್ಞಾನದ ಆಧಾರ ದೊರೆತದ್ದು ನಂತರ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಸಂಶೋಧನೆ ಆರಂಭಿಸಿದರು. ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ ತೌಡಿನೊಡನೆ ಹೋಗಿಬಿಡುತ್ತದೆ. ಬೆರಿಬೆರಿಗೆ ಆ ಕೊರತೆಯೇ ಕಾರಣ. ಆ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಒಂದು ಪುಡಿಯಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು. ಜೊತೆಗೆ ಜೀವಸತ್ವ, ಸುಣ್ಣಾಂಶ. ದುಬಾರಿ ಹಾಲಿನ ಪುಡಿಗೆ ಕಾಯದೆ, ಊರಿನ ಕಾಳಿನಿಂದಲೇ ಪ್ರೋಟೀನು ಒದಗಿಸಬಹುದೆಂದು ಇದು ತೋರಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ನೀವಿಂದು ಬೀದಿಬೀದಿಯಲ್ಲಿ ಕಾಣುವ ಅಂಗನವಾಡಿಗೆ ನಮ್ಮಲ್ಲಿ ಅದೇ ಮೊದಲ ಹೆಜ್ಜೆ.

ಈ ನಡುವೆ ರಾಗಿಯ ಕಥೆ ವಿಚಿತ್ರವಾಯಿತು. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಆದರೆ 1965ರಲ್ಲಿ ಸ್ಥಾಪನೆಯಾದ ಭಾರತ ಆಹಾರ ನಿಗಮದ ಉಗ್ರಾಣಗಳಲ್ಲಿ ತುಂಬಿದ್ದು ಮುಖ್ಯವಾಗಿ ಅಕ್ಕಿ, ಗೋಧಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬಿಳಿ ಅಕ್ಕಿಯಲ್ಲಿ ಸುಮಾರು 10. ಆದರೂ ಬಹುಕಾಲ ಪಡಿತರವೆಂದರೆ ಅಕ್ಕಿಯೇ ಆಗಿತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಸಿರಿಧಾನ್ಯಗಳಿಗೂ ಜಾಗ ಕೊಟ್ಟಿತು. ನಮ್ಮ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ, ಉತ್ತರದಲ್ಲಿ ಜೋಳ ಬರತೊಡಗಿದವು. ಅದೇ ವರ್ಷ ಕ್ಷೀರಭಾಗ್ಯದ ಹಾಲು, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ, 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ. ಮೊಟ್ಟೆ ಬೇಕೇ ಬೇಡವೇ ಎಂಬ ಗದ್ದಲದಲ್ಲಿ, ಮಗುವಿನ ಎತ್ತರ ತೂಕದ ಮಾತು ಹಿಂದೆ ಬಿತ್ತು.

ಈಗ ನಿಮ್ಮ ಲೆಕ್ಕ ನೋಡೋಣ. ಕಾಯ್ದೆಯಂತೆ ತಲೆಗೆ ತಿಂಗಳಿಗೆ 5 ಕಿಲೋ ಎಂದರೆ ದಿನಕ್ಕೆ 165 ಗ್ರಾಂ. ಶಕ್ತಿ 600 ಕ್ಯಾಲರಿಗೂ ಕಡಿಮೆ. ಅಂದರೆ ಚೀಲ ಇಡೀ ಊಟವಲ್ಲ, ಅದರ ಒಂದು ಭಾಗ. ಉಳಿದದ್ದನ್ನು ಆರಿಸುವುದು ನೀವು. ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ, ಬೇಳೆಯಲ್ಲಿ ಹೆಚ್ಚು. ಆದ್ದರಿಂದ ಮೂರು ಪಾಲು ರಾಗಿ ಅಥವಾ ಅಕ್ಕಿಗೆ ಒಂದು ಪಾಲು ಬೇಳೆ ಇರಲಿ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದರೆ ಅದರ ಕಬ್ಬಿಣ, ಸುಣ್ಣಾಂಶ ದೇಹಕ್ಕೆ ಚೆನ್ನಾಗಿ ಸಿಗುತ್ತವೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ. ಊಟದ ಜೊತೆ ಕಾಫಿ, ಟೀ ಬೇಡ.

ಟೆಂಪಲ್ ತೂಗಿದ್ದು ಪೌಂಡುಗಳಲ್ಲಿ, ನಾವು ತೂಗುವುದು ಕಿಲೋಗಳಲ್ಲಿ. ಕಾರ್ನಿಷ್ ಕೇಳಿದ್ದ ಬೇಳೆಯನ್ನು ಚೀಲದಲ್ಲಿ ಖಾಯಂ ಆಗಿ ಇಡುವ ಹೊಣೆಯನ್ನು 2013ರ ಕಾಯ್ದೆಯೂ ಹೊರಲಿಲ್ಲ. ಮುಂದಿನ ಬಾರಿ ಎಷ್ಟು ಕಿಲೋ ಎಂದು ಕೇಳುವಾಗ, ಅದರಲ್ಲಿ ಬೇಳೆ ಎಷ್ಟು ಎಂದೂ ಕೇಳಿ.