ಮಧುಮೇಹಿಗಳ ಮೂತ್ರಪಿಂಡ ಮತ್ತು ಕಾಂಟ್ರಾಸ್ಟ್: ಭಯ, ಮದ್ದು, ಉಪ್ಪುನೀರು

ಕ್ಷ-ಕಿರಣಗಳಿಗೆ ಮೂಳೆ ಒಡ್ಡುವಷ್ಟು ತಡೆಯನ್ನು ರಕ್ತನಾಳಗಳಾಗಲಿ ಮೂತ್ರಪಿಂಡಗಳಾಗಲಿ ಒಡ್ಡದ ಕಾರಣ, ಅವುಗಳ ಚಿತ್ರ ಸ್ಪಷ್ಟವಾಗಿ ಮೂಡಲು ಕಾಂಟ್ರಾಸ್ಟ್ ಎಂಬ ಅಯೋಡಿನ್‌ಯುಕ್ತ ದ್ರಾವಣವನ್ನು ರಕ್ತಕ್ಕೆ ಸೇರಿಸಬೇಕಾಗುತ್ತದೆ. 1923ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು, ಸಿಫಿಲಿಸ್ ರೋಗಕ್ಕೆ ಸೋಡಿಯಂ ಅಯೋಡೈಡ್ ಪಡೆದವರ ಮೂತ್ರ ಎಕ್ಸ್-ರೇಯಲ್ಲಿ ಕಾಣಿಸುವುದನ್ನು ವರದಿ ಮಾಡಿದರು. 1929ರಲ್ಲಿ ಮೋಸೆಸ್ ಸ್ವಿಕ್ ಜರ್ಮನಿಯಲ್ಲಿ ಯುರೋಸೆಲೆಕ್ಟಾನ್ ಎಂಬ ದ್ರಾವಣವನ್ನು ಪ್ರಯೋಗಿಸಿದ ಮೇಲೆ, ಮೂತ್ರಮಾರ್ಗದ ಚಿತ್ರ ತೆಗೆಯುವ ಪೈಲೋಗ್ರಫಿ ಪರೀಕ್ಷೆ ಎಲ್ಲೆಡೆ ಹಬ್ಬಿತು.

ಆ ಪರೀಕ್ಷೆಗೆ ಮೊದಲು ರೋಗಿಗೆ ನೀರು ಕೊಡದಿರುವುದು ದಶಕಗಳ ಕಾಲ ಪದ್ಧತಿಯಾಗಿತ್ತು, ಏಕೆಂದರೆ ಮೂತ್ರ ಗಾಢವಾದಷ್ಟೂ ಚಿತ್ರ ನಿಚ್ಚಳವಾಗುತ್ತಿತ್ತು. ಆದರೆ ಕಾಂಟ್ರಾಸ್ಟ್ ಮೂತ್ರಪಿಂಡದ ಒಳಭಾಗದ ರಕ್ತನಾಳಗಳನ್ನು ಕುಗ್ಗಿಸಿ, ಮೊದಲೇ ಆಮ್ಲಜನಕದ ಕೊರತೆಯಲ್ಲಿರುವ ಸೂಕ್ಷ್ಮನಾಳಗಳ ಕೋಶಗಳಿಗೆ ಹಾನಿ ಮಾಡಬಲ್ಲದಾದ್ದರಿಂದ, ನೀರಿಲ್ಲದ ದೇಹದಲ್ಲಿ ಈ ಪೆಟ್ಟು ಇಮ್ಮಡಿಸುತ್ತಿತ್ತು. 1970ರ ದಶಕದ ವರದಿಗಳಲ್ಲಿ, ಮಧುಮೇಹದಿಂದ ಮೂತ್ರಪಿಂಡ ಸೊರಗಿದವರಲ್ಲಿ ಹೆಚ್ಚಿನವರಿಗೆ ಪೈಲೋಗ್ರಫಿಯ ನಂತರ ರಕ್ತದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ, ಏರಿದ್ದು ಕಂಡುಬಂತು. 1989ರಲ್ಲಿ ಕೆನಡಾದ ಪಾರ್ಫ್ರೆ ಮತ್ತು ಸಂಗಡಿಗರು ಕಾಂಟ್ರಾಸ್ಟ್ ಪಡೆಯದವರನ್ನೂ ಹೋಲಿಸಿ ನೋಡಿದಾಗ, ಬರಿಯ ಮಧುಮೇಹವಲ್ಲ, ಮಧುಮೇಹದೊಡನೆ ಮೊದಲೇ ಇದ್ದ ಮೂತ್ರಪಿಂಡದ ದೌರ್ಬಲ್ಯವೇ ಅಪಾಯದ ಮೂಲವೆಂದು ತಿಳಿಯಿತು.

ರಕ್ಷಣೆಯ ಯತ್ನಗಳು ಎರಡು ದಾರಿ ಹಿಡಿದವು. ಸ್ವೀಡನ್ನಿನ ಟೋರ್ಸ್ಟನ್ ಆಲ್ಮೆನ್ 1960ರ ದಶಕದ ಕೊನೆಯಲ್ಲಿ ಮಂಡಿಸಿದ ವಿಚಾರದಿಂದ, ರಕ್ತಕ್ಕಿಂತ ಹಲವು ಪಟ್ಟು ಸಾಂದ್ರವಾಗಿದ್ದ ಹಳೆಯ ದ್ರಾವಣಗಳ ಬದಲು ಸೌಮ್ಯವಾದವು ಬಂದವು. ಇನ್ನೊಂದೆಡೆ, 1994ರಲ್ಲಿ ಸಾಲಮನ್ ಮತ್ತು ಸಂಗಡಿಗರು ಮೂತ್ರಪಿಂಡ ದುರ್ಬಲವಾಗಿದ್ದ 78 ಮಂದಿಗೆ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಫಿಗೆ ಮೊದಲು 12 ಗಂಟೆ, ನಂತರ 12 ಗಂಟೆ ಸಲೈನ್, ಅಂದರೆ ಉಪ್ಪುನೀರು, ಕೊಟ್ಟು ನೋಡಿದಾಗ, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮದ್ದು ಪಡೆದವರಿಗಿಂತ ಬರಿಯ ಸಲೈನ್ ಪಡೆದವರೇ ಸುರಕ್ಷಿತವಾಗಿದ್ದರು. ಹಾನಿಯ ಪ್ರಮಾಣ ಸಲೈನ್‌ನಲ್ಲಿ ಶೇ. 11, ಅಂಥ ಮದ್ದಾದ ಫ್ಯೂರೋಸೆಮೈಡ್ ಸೇರಿದಾಗ ಶೇ. 40. ಬಳಿಕ ಭರವಸೆ ಮೂಡಿಸಿದ ಅಸಿಟೈಲ್‌ಸಿಸ್ಟೀನ್ ಮತ್ತು ಬೈಕಾರ್ಬೊನೇಟ್ ಎಂಬ ಮದ್ದುಗಳು, ಸುಮಾರು 5,000 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಅಧ್ಯಯನದಲ್ಲಿ ಹೆಚ್ಚಿನ ಪ್ರಯೋಜನ ತೋರಲಿಲ್ಲ.

ಹೀಗೆ ಮದ್ದುಗಳು ಒಂದೊಂದಾಗಿ ಬಿದ್ದುಹೋದ ಮೇಲೆ ಉಳಿದದ್ದು ಪರೀಕ್ಷೆಗೆ ಮೊದಲು ಕ್ರಿಯಾಟಿನಿನ್ ನೋಡುವುದು, ಸಾಧ್ಯವಾದಷ್ಟು ಕಡಿಮೆ ದ್ರಾವಣ ಬಳಸುವುದು ಮತ್ತು ಮೂತ್ರಪಿಂಡ ತೀರಾ ಕುಂದಿದವರಿಗೆ ಸಲೈನ್ ಕೊಡುವುದು. ಮೂತ್ರಪಿಂಡ ಗಟ್ಟಿಯಾಗಿರುವ ಮಧುಮೇಹಿಗೆ ಅಗತ್ಯವಾದ ಸ್ಕ್ಯಾನನ್ನು ಕೇವಲ ಭಯದಿಂದ ತಪ್ಪಿಸುವುದಕ್ಕೆ ಈ ಇತಿಹಾಸದಲ್ಲಿ ಆಧಾರವಿಲ್ಲ.