ಎವರ್ ಗಿವನ್: ಮೀಮ್‌ನ ಆಚೆಗಿನ ಹಡಗು

1/6
ಆ ಫೋಟೋ ನೆನಪಿದ್ಯಾ? ಬೆಟ್ಟದಂಥ ಹಡಗು, ಅದರ ಮೂತಿ ಹತ್ರ ಮರಳು ಕೆರೀತಿರೋ ಪುಟಾಣಿ ಜೆಸಿಬಿ. 2021ರ ಮಾರ್ಚ್, ನಾವೆಲ್ಲ ಆಗ ಹೈಸ್ಕೂಲು. "ಜೆಸಿಬಿ ನಾನು, ಹಡಗು ಮ್ಯಾಥ್ಸ್ ಸಿಲಬಸ್ಸು" ಅಂತ ನಾನೂ ಸ್ಟೇಟಸ್ ಹಾಕಿ ನಕ್ಕಿದ್ದೆ. ಈ ಸೆಮ್‌ನಲ್ಲಿ ಇನ್ಶೂರೆನ್ಸ್ ಪೇಪರ್ ಓದ್ವಾಗ ಅದೇ ಹಡಗು ಮತ್ತೆ ಎದುರಾಯ್ತು. ಈ ಸಲ ನಗು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ, ಕೊನೇವರೆಗೂ ಓದಿ.

2/6
ಮೊದಲು, ಇದು ಯಾರ ಹಡಗು? ಮೈಮೇಲೆ ದೊಡ್ಡಕ್ಷರದಲ್ಲಿ ಎವರ್‌ಗ್ರೀನ್ ಅಂತಿದೆ. ಅದು ಹಡಗಿನ ಹೆಸರಲ್ಲ, ಅದನ್ನ ಬಾಡಿಗೆಗೆ ಓಡಿಸ್ತಿದ್ದ ತೈವಾನ್ ಕಂಪನಿಯದ್ದು. ಹಡಗಿನ ಹೆಸರು ಎವರ್ ಗಿವನ್. 2018ರಲ್ಲಿ ಜಪಾನಿನ ಇಮಾಬಾರಿ ಕಂಪನಿ ಕಟ್ಟಿದ್ದು. ಮಾಲೀಕರು ಜಪಾನಿನ ಶೋಯಿ ಕಿಸೆನ್, ಬಾವುಟ ಪನಾಮಾದ್ದು, ನಿರ್ವಹಣೆ ಜರ್ಮನ್ ಮೂಲದ ಕಂಪನಿಯದ್ದು. ಒಳಗೆ ದುಡೀತಿದ್ದ 25 ಜನ? ಎಲ್ಲರೂ ಭಾರತೀಯರು.
ಉದ್ದ ಸುಮಾರು 400 ಮೀಟರ್. ಗ್ರೌಂಡಿನ ಓಟದ ಟ್ರ್ಯಾಕ್ ಒಂದು ಸುತ್ತು ಬಿಚ್ಚಿ ನೇರ ಮಾಡಿದಷ್ಟು. 20 ಅಡಿ ಪೆಟ್ಟಿಗೆ ಲೆಕ್ಕದಲ್ಲಿ 20 ಸಾವಿರಕ್ಕೂ ಹೆಚ್ಚು ಹಿಡಿಸುತ್ತೆ. 1956ರಲ್ಲಿ ಅಮೆರಿಕದ ಲಾರಿ ಕಂಪನಿ ಮಾಲೀಕ ಮಾಲ್ಕಮ್ ಮೆಕ್ಲೀನ್ ಕಳಿಸಿದ ಮೊದಲ ಕಂಟೇನರ್ ಹಡಗಲ್ಲಿ ಇದ್ದಿದ್ದು 58 ಪೆಟ್ಟಿಗೆ! ಹಡಗು ದೊಡ್ಡದಾದಷ್ಟೂ ಒಂದೊಂದು ಪೆಟ್ಟಿಗೆ ಸಾಗಿಸೋ ಖರ್ಚು ಕಮ್ಮಿ. ಎಕನಾಮಿಕ್ಸ್ ಕ್ಲಾಸಲ್ಲಿ ಕೇಳಿದ್ದೇ.

3/6
ಮಾರ್ಚ್ 23. ಸೂಯೆಜ್ ಕಾಲುವೆಯಲ್ಲಿ ಜೋರು ಗಾಳಿ, ಮರಳಿನ ಧೂಳು. ಎತ್ತರಕ್ಕೆ ಪೇರಿಸಿದ ಪೆಟ್ಟಿಗೆಗಳು ಗೋಡೆ ಥರ, ಗಾಳಿ ತಳ್ಳಿದಷ್ಟೂ ಹಡಗು ವಾಲಾಡುತ್ತೆ. ದಡದ ಹತ್ರ ಹೋದ್ರೆ ನೀರಿನ ಒತ್ತಡವೂ ಅದನ್ನ ಎಳೆಯುತ್ತೆ. ರಟ್ರೋಕನೇ ಮೂತಿ ಒಂದು ದಡಕ್ಕೆ ಹೂತು, ಹಿಂಭಾಗ ಇನ್ನೊಂದು ದಡಕ್ಕೆ ತಾಗಿ, ಕಾಲುವೆಗೆ ಅಡ್ಡ ಬಾಗಿಲು ಹಾಕಿದ ಹಾಗಾಯ್ತು.
ಹಿಂದೆ ಮುಂದೆ ನೂರಾರು ಹಡಗು ನಿಂತ್ವು. ಡ್ರೆಜರ್ ಸುಮಾರು 30,000 ಘನ ಮೀಟರ್ ಮರಳು ತೆಗೀತು, ಟಗ್ ದೋಣಿಗಳು ಎಳೆದ್ವು. ಕೊನೆಗೆ ಕೈಹಿಡಿದಿದ್ದು ಹುಣ್ಣಿಮೆಯ ಉಬ್ಬರ. ನಮ್ಮಲ್ಲಿ ಅದು ಹೋಳಿ ಹುಣ್ಣಿಮೆ! ಮಾರ್ಚ್ 29ಕ್ಕೆ ಹಡಗು ತೇಲಿತು. ಮೀಮ್ ಅಲ್ಲಿಗೆ ಮುಗೀತು. ಕಥೆ ಮುಗೀಲಿಲ್ಲ.

4/6
ಬಿಕಾಂನವರೇ, ಇಲ್ಲಿ ಗಮನ ಕೊಡಿ. ಮಾಲೀಕ ಕಂಪನಿ 'ಜನರಲ್ ಆವರೇಜ್' ಘೋಷಿಸಿತು. ನಮ್ಮ 1963ರ ಸಾಗರ ವಿಮೆ ಕಾಯ್ದೆಯ 66ನೇ ಸೆಕ್ಷನ್ ಇದರದ್ದೇ. ಅರ್ಥ ಸರಳ: ಎಲ್ಲರ ಆಸ್ತಿ ಉಳಿಸೋಕೆ ಮಾಡಿದ ಖರ್ಚನ್ನ ಎಲ್ಲರೂ ಹಂಚ್ಕೋಬೇಕು. 6ನೇ ಶತಮಾನದ ರೋಮನ್ ಕಾನೂನು ಸಂಗ್ರಹದಲ್ಲೂ ಇದಿದೆ. ಹಡಗು ಹಗುರ ಮಾಡೋಕೆ ಒಬ್ಬನ ಸರಕು ಸಮುದ್ರಕ್ಕೆ ಎಸೆದ್ರೆ, ನಷ್ಟ ಎಲ್ಲರದ್ದೂ.
ಲೆಕ್ಕಕ್ಕೆ ಹೇಳೋದಾದ್ರೆ: ಹಡಗು, ಸರಕು ಎಲ್ಲ ಸೇರಿ ಉಳಿದದ್ದು 100 ಕೋಟಿ, ಉಳಿಸೋಕೆ ಆದ ಖರ್ಚು 10 ಕೋಟಿ. ನಿಮ್ಮ ಸರಕು 20 ಲಕ್ಷದ್ದಾದ್ರೆ ನಿಮ್ಮ ಪಾಲು 2 ಲಕ್ಷ. ತಪ್ಪು ನಿಮ್ಮದಲ್ಲ, ಸರಕಿಗೆ ಒಂದು ಗೀರೂ ಬಿದ್ದಿಲ್ಲ, ಆದ್ರೂ ಕೊಡಬೇಕು. ವಿಮೆ ಇದ್ರೆ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತೆ. ಇಲ್ಲದ ಸಣ್ಣ ವ್ಯಾಪಾರಿ ನಗದು ಠೇವಣಿ ಕಟ್ಟಿದ ಮೇಲೇನೇ ಪೆಟ್ಟಿಗೆ ಕೈಗೆ ಸಿಗೋದು.

5/6
ಇನ್ನು ಆ 25 ಜನ. ಕಾಲುವೆ ಪ್ರಾಧಿಕಾರ ಮೊದಲು 916 ಮಿಲಿಯನ್ ಡಾಲರ್ ಪರಿಹಾರ ಕೇಳಿತು, ಆಮೇಲೆ 550ಕ್ಕೆ ಇಳಿಸಿತು. ಮಾತುಕತೆ ಮುಗಿಯೋವರೆಗೂ ಹಡಗು ಗ್ರೇಟ್ ಬಿಟ್ಟರ್ ಸರೋವರದಲ್ಲಿ ಜಪ್ತಿ. ಕೆಲವರನ್ನ ನಡುವೆ ಮನೆಗೆ ಕಳಿಸಿದ್ರು, ಉಳಿದವರು ಹಡಗಲ್ಲೇ. ಆ ಏಪ್ರಿಲ್, ಮೇ ತಿಂಗಳು ನೆನಪು ಮಾಡ್ಕೊಳ್ಳಿ: ಇಲ್ಲಿ ಕೊರೊನಾ ಎರಡನೇ ಅಲೆ, ಬೆಡ್ಡಿಗೆ, ಆಕ್ಸಿಜನ್‌ಗೆ ಪರದಾಟ. ಅಲ್ಲಿ ಅವರು, ಇಲ್ಲಿ ಅವರ ಮನೆಯವರು. ಹಡಗು ಹೊರಟಿದ್ದು ಜುಲೈ 7ಕ್ಕೆ, ರಾಟರ್‌ಡ್ಯಾಮ್ ಮುಟ್ಟಿದ್ದು ಜುಲೈ 29ಕ್ಕೆ.

6/6
ನಾನು ಹಾಕಿದ ಸ್ಟೇಟಸ್‌ನಲ್ಲಿ ಹಡಗಿತ್ತು, ಜೆಸಿಬಿ ಇತ್ತು. ಮನುಷ್ಯರು ಇರಲಿಲ್ಲ. ಅಷ್ಟು ದೊಡ್ಡ ಹಡಗಿನ ಫೋಟೋದಲ್ಲಿ ಅವರು ಕಾಣೋದೂ ಇಲ್ಲ ಬಿಡಿ. ದೊಡ್ಡ ಹಡಗಿನ ಉಳಿತಾಯದಲ್ಲಿ ನಮಗೂ ಪಾಲಿದೆ, ಅಗ್ಗಕ್ಕೆ ಸಿಗೋ ಇಯರ್‌ಫೋನ್ ಥರ. ನಷ್ಟದ ದುಡ್ಡನ್ನ ಹಂಚೋಕೆ ಸಾವಿರಾರು ವರ್ಷದ ನಿಯಮ ಇದೆ. ಆದ್ರೆ ಮೂರು ತಿಂಗಳು ಹಡಗಲ್ಲಿ ಕೂತವರ ಪಾಲು ಯಾವ ಕಾಲಮ್ಮಲ್ಲಿ ಬರೀತೀರಾ? ಜರ್ನಲ್ ಎಂಟ್ರಿ ಗೊತ್ತಿದ್ರೆ ಹೇಳ್ರಪ್ಪಾ. ಎಕ್ಸಾಮಿಗೆ 4/6 ಸೇವ್ ಮಾಡ್ಕೊಳ್ಳಿ. ಆದ್ರೆ 5/6 ನೆನಪಲ್ಲಿಟ್ಕೊಳ್ಳಿ.